ಮನೆ ಶೆಡ್ಡಿಗೆ ಬೆಂಚ್ ಡ್ರಿಲ್: ಹಳೇದನ್ನೇ ಯಾಕೆ ತಂದೆ

ಇದನ್ನು ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ ಅಂದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಬೆಂಚ್ ಡ್ರಿಲ್ (ಮೇಜಿನ ಮೇಲೆ ಕೂರಿಸಿ ನೇರ ತೂತು ಹೊಡೆಯುವ ಮಷಿನ್) ತಂದಾಗ ನಕ್ಕವರೆಲ್ಲ ಈಗ ಭಾನುವಾರ ಬಂತೆಂದರೆ ಒಂದೊಂದು ಕಬ್ಬಿಣದ ಪಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. "ಇದಕ್ಕೊಂದು ತೂತು ಹೊಡೆದುಕೊಡು ಗುರು, ನಿನ್ನದರಲ್ಲಾದರೆ ನೇರ ಬರುತ್ತೆ" ಅಂತ.

ಬಿಟ್ ಹಿಡಿಯುವ ದವಡೆ ಚಕ್, ಅದನ್ನು ತಿರುಗಿಸುವ ದಂಡ ಸ್ಪಿಂಡಲ್, ಎಲ್ಲವನ್ನೂ ಹೊತ್ತು ನಿಂತ ಕಂಬ ಪಿಲ್ಲರ್. ಇದಕ್ಕಿಂತ ಜಾಸ್ತಿ ಪಾಠ ಹೇಳುತ್ತಾ ಕೂರುವುದಿಲ್ಲ. ದುಡ್ಡು ಎಲ್ಲಿ ಹೋಯಿತು, ಯಾವುದು ಕೈಕೊಟ್ಟಿತು, ಅಂಗಡಿಯಲ್ಲಿ ನಿಂತು ಏನು ನೋಡಿದೆ, ಇಷ್ಟೇ.

ನನ್ನ ಶೆಡ್ ಅಂದರೆ ಬೆಂಗಳೂರಿನ 30×40 ಸೈಟಿನ ಮನೆಯ ಕಾರ್ ಪಾರ್ಕಿಂಗ್. ಕಾರು ರಸ್ತೆಯಲ್ಲಿ, ಒಳಗೆ ಬೆಂಚು, ವೆಲ್ಡಿಂಗ್ ಸೆಟ್ಟು, ಗ್ರೈಂಡರ್. ಮಾಡುವುದು ಕಬ್ಬಿಣದ ಕಾಲಿನ ಮೇಜು, ಬೆಲ್ಟ್ ಗ್ರೈಂಡರ್ ಬಾಡಿ, ಗೇಟಿನ ಹಿಂಜ್, ಒಮ್ಮೊಮ್ಮೆ ಮರ. ಜಾಸ್ತಿ ಬೇಕಾಗುವುದು 10 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣ) ಫ್ಲಾಟ್ ಪಟ್ಟಿಯಲ್ಲಿ 6ರಿಂದ 12 ಮಿ.ಮೀ. ತೂತು.

ಶುರು ಮಾಡಿದ್ದು ಹ್ಯಾಂಡ್ ಡ್ರಿಲ್ ಸ್ಟ್ಯಾಂಡಿನಿಂದ. 1,800ಕ್ಕೋ ಏನೋ ಸಿಕ್ಕಿತ್ತು. ಸ್ಟ್ಯಾಂಡಿನಲ್ಲಿ ಡ್ರಿಲ್ ಹಿಡಿಯುವ ಬಳೆ (ಕಾಲರ್) 43 ಮಿ.ಮೀ., ನನ್ನ ಡ್ರಿಲ್ಲಿನ ಕುತ್ತಿಗೆ ಅದಕ್ಕಿಂತ ಸಣ್ಣದು. ಪಿವಿಸಿ ಪೈಪ್ ಸೀಳಿ ಬುಷ್ ಮಾಡಿ ಕೂರಿಸಿದೆ. ಮರಕ್ಕೆ ಪರವಾಗಿಲ್ಲ. ಕಬ್ಬಿಣದ ಮೇಲೆ ಒತ್ತಿದ ಕೂಡಲೇ ತಲೆ ಹಿಂದಕ್ಕೆ ಬಾಗಿ, ಡ್ರಿಲ್ ಬಿಟ್ ಪಂಚ್ ಹೊಡೆದ ಗುರುತಿನಿಂದ ಜಾರುತ್ತಿತ್ತು. ಅದರ ಬೇಸ್ ಮಾತ್ರ ಗಟ್ಟಿ. ಈಗ ಶೆಡ್ಡಿನ ಬಾಗಿಲು ಗಾಳಿಗೆ ಹೊಡೆದುಕೊಳ್ಳದ ಹಾಗೆ ಒರಗಿಸಿಟ್ಟಿದ್ದೇನೆ.

ಆಮೇಲೆ ಒಂದು ಅನುಕೂಲ ಆಯಿತು. ಗೆಳೆಯನೊಬ್ಬ ಮನೆ ಬದಲಾಯಿಸುವಾಗ ಅವನ ಹೊಸ ಬೆಂಚ್ ಡ್ರಿಲ್ ನನ್ನ ಶೆಡ್ಡಿನಲ್ಲಿ ಬಿಟ್ಟು ಹೋದ. ಆನ್‌ಲೈನ್‌ನಲ್ಲಿ ಒಂಬತ್ತು ಹತ್ತು ಸಾವಿರಕ್ಕೆ ಸಿಗುತ್ತದಲ್ಲ, 350 ವಾಟ್, 13 ಮಿ.ಮೀ. ಚಕ್, ಐದು ಸ್ಪೀಡ್, ಹೊರಗಿನಿಂದ ಬಂದ ಮಾಲು, ಅದು. ಕೆಲವು ತಿಂಗಳು ಚೆನ್ನಾಗಿ ಬಳಸಿದೆ. ಮರಕ್ಕೆ, ಅಲ್ಯೂಮಿನಿಯಂಗೆ ಒಳ್ಳೆಯದೇ, ಸುಳ್ಳು ಹೇಳಲ್ಲ. ಆದರೆ ಕಬ್ಬಿಣಕ್ಕೆ ಇಳಿದರೆ ಬಣ್ಣ ಬಯಲಾಗುತ್ತದೆ. ಟೇಬಲ್ ತುದಿಗೆ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು 12ರ ಬಿಟ್ ಒತ್ತಿದೆ, ಟೇಬಲ್ ಅರ್ಧ ಮಿಲಿಮೀಟರ್ ಹತ್ತಿರ ಕೆಳಗೆ ಬಾಗಿತು. ತೂತು ಮೇಲೆ ಒಂದು ಕಡೆ, ಕೆಳಗೆ ಇನ್ನೊಂದು ಕಡೆ. ಚಕ್‌ನಲ್ಲಿ ಡೋವೆಲ್ ಪಿನ್ (ನಿಖರವಾದ ನೇರ ಉಕ್ಕಿನ ಕಡ್ಡಿ) ಹಿಡಿದು ಕೈಯಲ್ಲಿ ತಿರುಗಿಸಿದರೆ ಗೇಜಿನ ಮುಳ್ಳು 200 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿ.ಮೀ.) ದಾಟಿ ಓಡಾಡುತ್ತಿತ್ತು. ಇನ್ನು 40 ಮಿ.ಮೀ. ಹೋಲ್ ಸಾ (ದೊಡ್ಡ ತೂತು ಕೊರೆಯುವ ಬಟ್ಟಲಿನಾಕಾರದ ಗರಗಸ) ಹಾಕಿದ್ದಂತೂ ದಂಡ. ಎಂ.ಎಸ್.ನಲ್ಲಿ ಅದು 200 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸು ತಿರುಗಬೇಕು, ಈ ಮಷಿನ್ನಿನ ಅತಿ ನಿಧಾನ ಅಂದರೆ 500ರ ಮೇಲೆ. ಹಲ್ಲೆಲ್ಲ ನೀಲಿ ತಿರುಗಿ 600 ರೂಪಾಯಿ ಹೋಲ್ ಸಾ ಒಂದೇ ತೂತಿಗೆ ಮುಗಿಯಿತು. ಅದೂ ತೂತು ಪೂರ್ತಿ ಆಗಲಿಲ್ಲ.

ಈ ಮಷಿನ್ನಿಂದ ಒಂದು ವಿಷಯ ಖಾತ್ರಿ ಆಯಿತು. ಸ್ಟಿಕ್ಕರ್ ಮೇಲಿನ ವಾಟು, 13 ಮಿ.ಮೀ., 16 ಮಿ.ಮೀ. ಅನ್ನೋದನ್ನ ನಂಬಿ ಆರಿಸುವ ಹಾಗಿಲ್ಲ. ಪಿಲ್ಲರ್ ಎಷ್ಟು ದಪ್ಪ, ಸ್ಪಿಂಡಲ್ ಎಷ್ಟು ನೇರ, ಅತಿ ನಿಧಾನದ ಸ್ಪೀಡ್ ಎಷ್ಟು? ಈ ಮೂರು ಗೊತ್ತಾದರೆ ಸಾಕು. ಆ ಹೊಸದರ ಪಿಲ್ಲರ್ 46 ಮಿ.ಮೀ. ಅದೇ ತರದ ಪೈಪು 65ಕ್ಕೆ ಹೋದರೆ ಬಿಗಿ ಸುಮಾರು ನಾಲ್ಕು ಪಟ್ಟು. ಮೋಟಾರ್ ನಾಳೆ ಬದಲಾಯಿಸಬಹುದು, ಪಿಲ್ಲರ್ ಬದಲಾಯಿಸಲು ಆಗಲ್ಲ ಅಲ್ವಾ?

ಎಸ್‌ಜೆಪಿ ರಸ್ತೆಯಲ್ಲಿ ಹೊಸ ಮಷಿನ್ ಅಂಗಡಿಗಳನ್ನೂ ಸುತ್ತಿದೆ. ರಾಜಕೋಟ್ ಕಡೆಯ ಎರಕದ ಬಾಡಿ, ಎಂಟಿ2 ಸ್ಪಿಂಡಲ್ (ಒಳಗೆ ಮೋರ್ಸ್ ಟೇಪರ್ ಅನ್ನುವ, ಒಳಕ್ಕೆ ಹೋದಂತೆ ಸಣ್ಣದಾಗುವ ತೂತು ಇರುವುದು), 20 ಮಿ.ಮೀ. ಕೆಪಾಸಿಟಿ, ಮೋಟಾರ್ ಸೇರಿ ಇಪ್ಪತ್ತೇಳು ಇಪ್ಪತ್ತೆಂಟು ಸಾವಿರ ಹೇಳಿದರು. ಮಾಲು ಚೆನ್ನಾಗಿತ್ತು. ಜೇಬು ಒಪ್ಪಲಿಲ್ಲ. ಅಲ್ಲಿಂದ ಪೀಣ್ಯ, ಕಾಮಾಕ್ಷಿಪಾಳ್ಯದ ಕಡೆ ಹಳೇ ಮಷಿನ್ ಹುಡುಕಲು ಶುರು ಮಾಡಿದೆ. ಸಣ್ಣ ವರ್ಕ್‌ಶಾಪ್ ಮುಚ್ಚಿದಾಗ, ಅಥವಾ ವಿಎಂಸಿ (ಕಂಪ್ಯೂಟರ್ ನಡೆಸುವ ದೊಡ್ಡ ಮಷಿನ್) ತಂದಾಗ, ಮೊದಲು ಹೊರಗೆ ಬರುವುದೇ ಬೆಂಚ್ ಡ್ರಿಲ್ಲು. ಯಾವ ಬೀದಿ, ಯಾವ ಅಂಗಡಿ ಅಂತ ಮಾತ್ರ ಕೇಳಬೇಡಿ. ಇನ್ನೊಂದು ಮಷಿನ್ ಮೇಲೆ ನನಗೆ ಕಣ್ಣಿದೆ.

ಹಳೇ ಮಷಿನ್ ನೋಡುವಾಗ ಮೊದಲ ಎಚ್ಚರಿಕೆ ಪೇಂಟಿನದು. ಹೊಸ ಹಸಿರು ಪೇಂಟ್ ಮಿರಮಿರ ಮಿಂಚುತ್ತಿದ್ದರೆ ನಾನು ದೂರ ನಿಲ್ಲುತ್ತೇನೆ. ಒಳಗೆ ಪುಟ್ಟಿ ಇರುತ್ತದೆ, ಪುಟ್ಟಿಯ ಕೆಳಗೆ ವೆಲ್ಡ್ ಹಾಕಿದ ಬಿರುಕು ಇರಬಹುದು. ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ನೋಡಿ. ಗಟ್ಟಿ ಎರಕ ಟಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಒಡೆದ ಮಡಕೆಯ ಹಾಗೆ ಮಂದ ಸದ್ದು. ಹಿಡಿ ಎಳೆದು ಸ್ಪಿಂಡಲ್ ಪೂರ್ತಿ ಕೆಳಗಿಳಿಸಿ, ಚಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಕಟಕಟ ಅಂದರೆ ಸ್ಪಿಂಡಲ್ ಹಿಡಿದಿರುವ ಸ್ಲೀವ್ ಸವೆದಿರಬಹುದು, ಅದಕ್ಕೆ ಸುಲಭದ ಮದ್ದಿಲ್ಲ. ಇಳಿಸುವಾಗ ನಡುವೆ ಒಂದು ಕಡೆ ಕೈ ಜಗ್ಗಿದ ಹಾಗಾದರೆ ಸ್ಪಿಂಡಲ್ ಇಳಿಸುವ ಹಲ್ಲುಪಟ್ಟಿಯ, ಅಂದರೆ ರ‍್ಯಾಕಿನ ಹಲ್ಲು ಹೋಗಿದೆ. ಟೇಬಲ್ ತುಂಬಾ ತೂತು ಇದ್ದರೆ ಹೆದರಬೇಡಿ. ಅದು ಹಳೇ ಹುಡುಗರ ಕೈಕೆಲಸ. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಕಾರಣ ಸಿಗಲ್ಲ.

ನನ್ನ ಚೀಲದಲ್ಲಿ ಮ್ಯಾಗ್ನೆಟಿಕ್ ಸ್ಟ್ಯಾಂಡ್, ಡಯಲ್ ಗೇಜ್, ಒಂದು 10 ಮಿ.ಮೀ. ಡೋವೆಲ್ ಪಿನ್, ಚಕ್ ಬಿಚ್ಚುವ ಒಂದು ಡ್ರಿಫ್ಟ್ (ಬೆಣೆ) ಇರುತ್ತಿತ್ತು. ಗೇಜ್ ಹೊರಗೆ ತೆಗೆದ ಕೂಡಲೇ ಕೆಲವರಿಗೆ ಸಿಟ್ಟು. "ಸಾರ್, ತೂತು ಹೊಡೆಯೋ ಮಷಿನ್ ಇದು, ರಾಕೆಟ್ ಮಾಡ್ತೀರಾ?" ಅಂದವನೂ ಇದ್ದಾನೆ. ಸುಮ್ನೆ ನಕ್ಕೆ. ನನಗೆ ಚಕ್‌ನ ಲೆಕ್ಕ ಬೇಡ, ಹಳೇ ಚಕ್ ಹೇಗೂ ಹೋಗಿರುತ್ತದೆ. ಡ್ರಿಫ್ಟ್ ಹೊಡೆದು ಚಕ್ ಇಳಿಸಿ, ಬಟ್ಟೆಯಿಂದ ಒರೆಸಿ, ಸ್ಪಿಂಡಲ್ಲಿನ ಒಳ ಟೇಪರ್‌ಗೇ ಗೇಜಿನ ಕಡ್ಡಿ ತಾಗಿಸಿ ತಿರುಗಿಸುತ್ತಿದ್ದೆ. ಬಹಳಷ್ಟು ಮಷಿನ್ನುಗಳಲ್ಲಿ 80, 100 ಮೈಕ್ರಾನ್. ಒಂದರಲ್ಲಿ ಮಾತ್ರ 20. ಅದು ಮೂಲೆಯಲ್ಲಿ ಬಿದ್ದಿತ್ತು, ಪೇಂಟ್ ಇಲ್ಲ, ಬೆಲ್ಟ್ ಗಾರ್ಡ್ ಇಲ್ಲ, ಟೇಬಲ್ ಜರಡಿ ಆಗಿತ್ತು. ಪಿಲ್ಲರ್ 65ಕ್ಕೆ ಒಂದು ನೂಲು ಜಾಸ್ತಿಯೇ. 14,000 ಹೇಳಿದ. 11,000ಕ್ಕೆ ಬಂತು. ಕೊನೆಯ ಸಾವಿರ ಹೇಗೆ ಇಳಿಸಿದೆ ಅನ್ನೋದು ನನ್ನಲ್ಲೇ ಇರಲಿ.

ಗೂಡ್ಸ್ ಆಟೋ, ಇಳಿಸಲು ಇಬ್ಬರು, ಒಟ್ಟು 900. ಎಂಬತ್ತು ಕೆ.ಜಿ. ಹತ್ತಿರ ಇದೆ, ಒಬ್ಬರೇ ಎತ್ತುವ ಸಾಹಸ ಬೇಡ. ಪಕ್ಕದ ಮನೆಯ ಹಿರಿಯರು ಎಚ್‌ಎಂಟಿಯಲ್ಲಿ ಫಿಟ್ಟರ್ ಆಗಿದ್ದವರು. ಗೇಟಿನ ಹತ್ತಿರ ನಿಂತು ನೋಡಿ, "ಏನಪ್ಪಾ, ದುಡ್ಡು ಕೊಟ್ಟು ಗುಜರಿ ತಂದಿದ್ದೀಯಾ?" ಅಂದರು. ಗೆಳೆಯರೂ ಅದನ್ನೇ ಹಾಡಿದರು. ಅದೇ ದುಡ್ಡಿಗೆ ವಾರಂಟಿ ಇರುವ ಹೊಸದು ಬರುತ್ತಿತ್ತು ಅಂತ.

ಬೇರಿಂಗ್ ಎಲ್ಲ ಬದಲಾಯಿಸಿದೆ, ಸುಮಾರು 800. ಸ್ಪಿಂಡಲ್ ಟೇಪರ್ ಒಳಗೆ ಗೀರು ಇತ್ತು, ಯಾವಾಗಲೋ ಆರ್ಬರ್ (ಚಕ್ಕನ್ನು ಸ್ಪಿಂಡಲ್ಲಿಗೆ ಜೋಡಿಸುವ ಕಡ್ಡಿ) ಜಾರಿ ತಿರುಗಿದ ಗುರುತು. ಟೇಪರಿನ ಒಳಗೆ ಸವರುವ ಎಂಟಿ2 ರೀಮರ್ ಕಡ ತಂದು ಕೈಯಲ್ಲೇ ಎಷ್ಟು ಬೇಕೋ ಅಷ್ಟೇ ತಿರುಗಿಸಿದೆ. ಗೀರಿನ ಎದ್ದ ಅಂಚು ಹೋದರೆ ಸಾಕು, ಲೋಹ ಕೆರೆಯಲು ಹೋಗಬೇಡಿ. ಹೊಸ ಚಕ್ಕು, ಆರ್ಬರ್ ಸೇರಿ 1,900. ಮೊದಲ ಸಲ ಹಾಕಿದಾಗ ಪಿನ್ ಮೇಲೆ 120 ಮೈಕ್ರಾನ್ ತೋರಿಸಿತು, ಬೇಜಾರಾಯಿತು. ಆರ್ಬರಿಗೆ ಟ್ಯಾಂಗ್ (ತುದಿಯ ಚಪ್ಪಟೆ ನಾಲಿಗೆ) ಇರುವುದರಿಂದ ಸ್ಪಿಂಡಲ್ಲಿನಲ್ಲಿ ಎರಡೇ ಭಂಗಿಯಲ್ಲಿ ಕೂರುತ್ತದೆ. ಆದರೆ ಆರ್ಬರ್ ಮೇಲೆ ಚಕ್ಕನ್ನು ಎತ್ತ ಬೇಕಾದರೂ ತಿರುಗಿಸಿ ಕೂರಿಸಬಹುದು. ಎರಡರ ವಕ್ರ ಒಂದಕ್ಕೊಂದು ಎದುರಾಗುವ ಹಾಗೆ ಗುರುತು ಹಾಕಿಕೊಂಡು, ಚಕ್ಕಿನ ದವಡೆ ಒಳಗೆ ಎಳೆದು, ಮರದ ಸುತ್ತಿಗೆಯಿಂದ ಒಂದೇ ಏಟು. 50, 60ಕ್ಕೆ ಬಂತು. ತೂತು ಹೊಡೆಯಲು ಇದಕ್ಕಿಂತ ಏನು ಬೇಕು?

ಟೇಬಲ್ ಲೆವೆಲ್ ನೋಡಲು ಸ್ಪಿರಿಟ್ ಲೆವೆಲ್ ಇಡುವವರನ್ನು ಕಂಡಿದ್ದೇನೆ. ಅದು ಭೂಮಿಗೆ ಲೆವೆಲ್ಲು, ಸ್ಪಿಂಡಲ್ಲಿಗಲ್ಲ. 6 ಮಿ.ಮೀ. ಕಂಬಿಯನ್ನು ಎರಡು ಕಡೆ ಬಗ್ಗಿಸಿ ಚಕ್‌ಗೆ ಹಿಡಿದೆ, ತುದಿ ಟೇಬಲ್ ಅಂಚಿನ ಹತ್ತಿರ ಬರುವ ಹಾಗೆ. ಕೈಯಲ್ಲಿ ಸುತ್ತ ತಿರುಗಿಸುತ್ತಾ ತುದಿಯ ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರೆ, ಮುಂದೆ ಸಡಿಲ, ಹಿಂದೆ ಬಿಗಿ. ಟೇಬಲ್ ಬ್ರಾಕೆಟ್ ಸಂದಿಗೆ ಕೂಲ್‌ಡ್ರಿಂಕ್ ಡಬ್ಬದ ತಗಡು ಕತ್ತರಿಸಿ ಇಟ್ಟೆ. ತಗಡು ಎಲ್ಲಿ, ಯಾವ ಆಕಾರದಲ್ಲಿ ಇಡಬೇಕು ಅನ್ನೋದರಲ್ಲೇ ಇದೆ ವಿದ್ಯೆ. ಅದನ್ನು ಬಂದು ನೋಡಿ.

ಮೊದಲ ಕೆಲಸ, 10ರ ಫ್ಲಾಟ್‌ನಲ್ಲಿ 12ರ ತೂತು. ಮೊದಲು 5ರ ಬಿಟ್, ಆಮೇಲೆ ನೇರ 12. ಸ್ಪೀಡ್ 700ರ ಹತ್ತಿರ, ಎರಡು ಹನಿ ಕಟಿಂಗ್ ಆಯಿಲ್. ಬಿಟ್‌ನ ಕತ್ತರಿಸುವ ಎರಡೂ ಅಂಚಿನಿಂದ ಎರಡು ಸುರುಳಿ, ಒಂದೇ ದಪ್ಪ, ಒಂದೇ ವೇಗದಲ್ಲಿ ಏಳುತ್ತಾ ಬಂದವು. ಒಂದು ಗೇಣು ಉದ್ದ ಆಗಿ ಎಣ್ಣೆಯ ಹೊಗೆಯಲ್ಲೇ ಕಳಚಿ ಬಿದ್ದವು. ಹಿರಿಯರು ಒಂದು ಸುರುಳಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮಾತಾಡಲಿಲ್ಲ. ಮಾರನೇ ದಿನ ಅವರ ಮನೆಯ ಕಿಟಕಿ ಗ್ರಿಲ್ಲಿನ ಪಟ್ಟಿ ತಂದುಕೊಟ್ಟು ತೂತು ಹೊಡೆಸಿಕೊಂಡು ಹೋದರು.

ಉಳಿದದ್ದು ನಿಧಾನದ ಸ್ಪೀಡು. ಪುಲ್ಲಿಯಲ್ಲಿ ಅತಿ ಕೆಳಗಿನದು 500. ನಡುವೆ ಮೂರನೇ ಪುಲ್ಲಿ ಹಾಕಿ ನೋಡಿದೆ. ಬೆಲ್ಟ್ ಬದಲಾಯಿಸುವ ರಗಳೆ, ಜೊತೆಗೆ ನಡುಕ. ಬಿಚ್ಚಿ ಎಸೆದೆ. ಆಮೇಲೆ ವಿಎಫ್‌ಡಿ, ಅಂದರೆ ಕರೆಂಟಿನ ಹರ್ಟ್ಜ್ ಬದಲಾಯಿಸಿ ಮೋಟಾರಿನ ವೇಗ ಇಳಿಸುವ ಡಬ್ಬ. ಮಷಿನ್ ಜೊತೆ ಬಂದ ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರ್ ಇದಕ್ಕೆ ಆಗಲ್ಲ, ಅದನ್ನು ಎರಡು ಸಾವಿರಕ್ಕೆ ಮಾರಿದೆ. ಹಳೇ ಅರ್ಧ ಎಚ್‌ಪಿ ತ್ರೀ ಫೇಸ್ ಮೋಟಾರ್ ತಂದರೆ ಅದರಿಂದ ಹೊರಗೆ ಬಂದಿದ್ದು ಮೂರೇ ವೈರು. ಒಳಗೆ ಮೂರು ಸುರುಳಿಯ ಒಂದೊಂದು ತುದಿ ಸೇರಿಸಿ ಸ್ಟಾರ್ ಗಂಟು ಕಟ್ಟಿ 415 ವೋಲ್ಟ್‌ಗೆ ಮಾಡಿದ್ದು. ಮನೆ ಕರೆಂಟಿನ ವಿಎಫ್‌ಡಿ ಕೊಡುವುದು 230. ವೈಂಡಿಂಗ್ ಅಂಗಡಿಯವರು ಸ್ಟಾರ್ ಗಂಟು ಬಿಚ್ಚಿ ಆರು ವೈರು ಹೊರಗೆ ತಂದು 230ಕ್ಕೆ ಓಡುವ ಡೆಲ್ಟಾ ಜೋಡಣೆ ಮಾಡಿಕೊಟ್ಟರು. ಮೋಟಾರ್, ಕೂಲಿ ಸೇರಿ 2,200 ಆಗಿರಬೇಕು. ವಿಎಫ್‌ಡಿ ಆರೂವರೆ ಸಾವಿರ.

ಆನ್ ಮಾಡಿದರೆ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಮೇಲೆ ಅಮ್ಮನ ಧಾರಾವಾಹಿ ನಿಂತು, ಅಲ್ಲಿಂದ ಮಂಗಳಾರತಿ. ವಿಎಫ್‌ಡಿ ಒಳಗಿನ ಫಿಲ್ಟರ್ ಅರ್ಥಿಂಗ್ ವೈರಿಗೆ ಸ್ವಲ್ಪ ಕರೆಂಟ್ ಬಿಡುತ್ತದೆ, 30 ಮಿಲಿಆಂಪ್‌ನದು ತಡೆಯಲ್ಲ. ಇದನ್ನು ಸರಿ ಮಾಡಿದ್ದು ಎಲೆಕ್ಟ್ರಿಷಿಯನ್. ನೀವೂ ಅವರನ್ನೇ ಕರೆಯಿರಿ. ಇಎಲ್‌ಸಿಬಿ ತೆಗೆದುಹಾಕುವ ಬುದ್ಧಿವಂತಿಕೆ ಮಾತ್ರ ಬೇಡ.

ಈಗ 50ರಿಂದ 20 ಹರ್ಟ್ಜ್‌ಗೆ ಇಳಿಸಿದರೆ 500 ಇದ್ದದ್ದು 200 ಆಗುತ್ತದೆ. ಹೋಲ್ ಸಾ ಮೊಸರಿಗೆ ಚಮಚ ಇಳಿದಂತೆ ಅಂತೇನೂ ಹೇಳಲ್ಲ, ಆದರೆ ಹಲ್ಲು ನೀಲಿ ಆಗುವುದು ನಿಂತಿದೆ. ಅಷ್ಟು ನಿಧಾನದಲ್ಲಿ ಮೋಟಾರಿನ ಫ್ಯಾನ್ ಗಾಳಿ ಸಾಲದು. ಹತ್ತು ನಿಮಿಷ ಓಡಿದ ಮೇಲೆ ಕೈ ಇಟ್ಟು ನೋಡುತ್ತೇನೆ, ಬಿಸಿ ಆಗಿದ್ದರೆ ಟೀ.

ಮರಕ್ಕೆ ಸ್ಯಾಂಡಿಂಗ್ ಡ್ರಮ್ ಹಾಕಿದ್ದೂ ಒಂದು ಕಥೆ. ಪಕ್ಕದಿಂದ ಒತ್ತಿದರೆ ಟೇಪರ್ ಸಡಿಲ ಆಗುತ್ತದೆ. ಓಡುತ್ತಿದ್ದ ಚಕ್ಕು ಡ್ರಮ್ ಸಮೇತ ಕಳಚಿ ಟೇಬಲ್ ಮೇಲೆ ಕುಣಿದು ನೆಲಕ್ಕೆ ಹೋಯಿತು. ಇದರಲ್ಲಿ ಮಿಲ್ಲಿಂಗ್ (ಪಕ್ಕಕ್ಕೆ ಸರಿಸುತ್ತಾ ಲೋಹ ಕೆತ್ತುವುದು) ಮಾಡಬಹುದು ಅನ್ನುವವರ ಮಾತು ಕೇಳಬೇಡಿ. ಟ್ಯಾಪ್ ಹಾಕುವುದು (ತೂತಿನ ಒಳಗೆ ಬೋಲ್ಟಿನ ಥ್ರೆಡ್ ಕೊರೆಯುವುದು) ಮಾತ್ರ ಚೆನ್ನಾಗಿ ಕೂಡಿಬಂತು. ಪ್ಲಗ್ ಕಿತ್ತು, ಟ್ಯಾಪನ್ನು ಚಕ್‌ಗೆ ಹಿಡಿದು, ಕೈಯಲ್ಲಿ ಪುಲ್ಲಿ ತಿರುಗಿಸಿ ಮೊದಲ ನಾಲ್ಕು ಸುತ್ತು ಕೂರಿಸುತ್ತೇನೆ. ನೇರ ಇಳಿಯುತ್ತದೆ. ಮಿಕ್ಕದ್ದು ಹ್ಯಾಂಡಲ್‌ನಲ್ಲಿ. ಆಮೇಲೆ ಎಂ6 ಟ್ಯಾಪ್ ಮುರಿದ ನೆನಪಿಲ್ಲ.

ಎಲ್ಲ ಸೇರಿ ಇಪ್ಪತ್ತೊಂದು ಇಪ್ಪತ್ತೆರಡು ಸಾವಿರ. ವಿಎಫ್‌ಡಿ ಬೇಡ ಅನ್ನುವವರಿಗೆ ಹದಿನಾಲ್ಕು ಹದಿನೈದರಲ್ಲಿ ಮುಗಿಯುತ್ತದೆ, ಇದ್ದ ಮೋಟಾರೇ ಸಾಕು. ಬರೀ ಮರದ ಕೆಲಸ, ತಿಂಗಳಿಗೆ ಒಂದು ಸಲ ಅಂದರೆ ಆ ಒಂಬತ್ತು ಸಾವಿರದ ಹೊಸದನ್ನೇ ತಗೊಳಿ, ಇಷ್ಟು ರಗಳೆ ಬೇಡ. ಆದರೆ ಕೆಲಸದ ತುಂಡು ಬಿಗಿದು ಹಿಡಿಯುವ ವೈಸ್‌ಗೆ 1,600 ಬೇರೆ ಎತ್ತಿಡಿ, ಅದನ್ನು ಟೇಬಲ್ಲಿಗೆ ಬೋಲ್ಟ್ ಹಾಕಿ ಕೂರಿಸಿ. ತೆಳು ತಗಡನ್ನು ಕೈಯಲ್ಲಿ ಹಿಡಿದು ತೂತು ಹೊಡೆದವರ ಬೆರಳು ನೋಡಿದ್ದೀರಲ್ಲ.

ಈ ಹಳೇ ಮಷಿನ್ನಿನ ಒಂದೇ ತಕರಾರು ಟೇಬಲ್ ಎತ್ತುವುದು. ರ‍್ಯಾಕ್ ಇಲ್ಲ, ಬೋಲ್ಟ್ ಸಡಿಲಿಸಿದರೆ ಇಡೀ ಭಾರ ಕೈ ಮೇಲೆ. ಹಗ್ಗ, ಕಪ್ಪಿ ಕಟ್ಟಿ ನೋಡಿದೆ, ಹಗ್ಗ ಬೆಲ್ಟಿಗೆ ತಾಗುತ್ತಿತ್ತು. ಈಗ ಬೇಸ್‌ಗೂ ಟೇಬಲ್ಲಿಗೂ ನಡುವೆ ಮಾರುತಿ 800ರ ಹಳೇ ಸಿಸರ್ ಜಾಕಿ ನಿಂತಿದೆ. ಗುಜರಿಯಲ್ಲಿ 250 ರೂಪಾಯಿ. ಬೇಕಾದಷ್ಟು ಎತ್ತರಕ್ಕೆ ತಿರುಗಿಸಿ ಪಿಲ್ಲರ್ ಬೋಲ್ಟ್ ಬಿಗಿ ಮಾಡುತ್ತೇನೆ. ತೂತು ಹೊಡೆಯುವಾಗಲೂ ಜಾಕಿ ಅಲ್ಲೇ ಇರಲಿ, ಟೇಬಲ್ ಬಾಗುವುದು ಇನ್ನೂ ಕಡಿಮೆ ಆಗುತ್ತದೆ.