ಒಂದು ಪಾಠ, ನಾಲ್ವರು ಶಿಕ್ಷಕರು: ಶಾಲೆಯಲ್ಲೇ ತರಬೇತಿ ಕಟ್ಟಿಕೊಳ್ಳುವ ಬಗೆ

1/3 ದೊಡ್ಡದೋ, 1/4 ದೊಡ್ಡದೋ? ಐದನೇ ತರಗತಿಯ ಒಬ್ಬ ಹುಡುಗಿ ಮೊದಲು 1/3 ಅಂತ ಬರೆದಳು. ಪಕ್ಕದ ಹುಡುಗನ ಪುಸ್ತಕದ ಕಡೆ ಕಣ್ಣು ಹಾಯಿಸಿದಳು. ರಬ್ಬರ್ ತೆಗೆದು ಅಳಿಸಿ 1/4 ಅಂತ ತಿದ್ದಿದಳು. ಬೋರ್ಡಿನ ಹತ್ತಿರ ನಿಂತಿದ್ದ ನನ್ನ ಸಹೋದ್ಯೋಗಿಗೆ ಇದು ಕಾಣಲಿಲ್ಲ, ಅಲ್ಲಿಂದ ಕಾಣುವಂತೆಯೂ ಇರಲಿಲ್ಲ. ಕಂಡಿದ್ದು ಗೋಡೆಯ ಬದಿಗೆ ಕುರ್ಚಿ ಹಾಕಿಕೊಂಡು ಕೂತಿದ್ದ ನನಗೆ. ನಾಲ್ಕು ಮೂರಕ್ಕಿಂತ ದೊಡ್ಡದು, ಹಾಗಾಗಿ 1/4 ದೊಡ್ಡದು ಎಂಬ ಪಕ್ಕದವನ ಲೆಕ್ಕದ ಎದುರು ಅವಳ ಸರಿಯಾದ ಉತ್ತರ ನಿಲ್ಲಲಿಲ್ಲ. ಅದೇ ಪಾಠವನ್ನು ನಾನು ಎಷ್ಟೋ ವರ್ಷ ಮಾಡಿದ್ದೇನೆ. ನನ್ನ ತರಗತಿಯಲ್ಲೂ ಎಷ್ಟು ಮಕ್ಕಳು ಹೀಗೆ ಅಳಿಸಿದರೋ ಎಂದು ಅವತ್ತು ಇಡೀ ದಿನ ಕಾಡಿತು.

ಆ ಐದು ನಿಮಿಷದಲ್ಲಿ ನಾನು ಕಲಿತಷ್ಟನ್ನು ಯಾವ ಎರಡು ದಿನದ ಕಾರ್ಯಾಗಾರದಲ್ಲೂ ಕಲಿತಿರಲಿಲ್ಲ. ಕಾರ್ಯಾಗಾರಗಳು ಬೇಡವೆಂದಲ್ಲ, ಅಲ್ಲಿ ಕೇಳಿದ್ದು ತರಗತಿಯವರೆಗೆ ಬರಲು ನಡುವೆ ಒಂದು ಸೇತುವೆ ಬೇಕು. ಶಿಕ್ಷಕರ ತರಬೇತಿಯನ್ನು ಅಧ್ಯಯನ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಹೇಳಿದ್ದರು: ವಿವರಣೆ, ಪ್ರಾತ್ಯಕ್ಷಿಕೆ, ಅಭ್ಯಾಸ ಎಲ್ಲ ಕೊಟ್ಟರೂ, ಶಾಲೆಗೆ ಮರಳಿದ ಮೇಲೆ ಜೊತೆಗೆ ನಿಂತು ನೋಡುವ ಸಹೋದ್ಯೋಗಿ ಇಲ್ಲದಿದ್ದರೆ ಹೊಸ ವಿಧಾನ ಪಾಠದೊಳಗೆ ಇಳಿಯುವುದು ಕಷ್ಟ. 2017ರಲ್ಲಿ ಶಿಕ್ಷಣ ಸಂಶೋಧಕಿ ಲಿಂಡಾ ಡಾರ್ಲಿಂಗ್-ಹ್ಯಾಮಂಡ್ ಮತ್ತು ಅವರ ಸಂಗಡಿಗರು 35 ಅಧ್ಯಯನಗಳನ್ನು ಪರಿಶೀಲಿಸಿದಾಗ, ಫಲ ಕೊಟ್ಟ ತರಬೇತಿಗಳಲ್ಲಿ ಕಂಡ ಗುಣಗಳಲ್ಲಿ ಇವೂ ಇದ್ದವು: ಕಲಿಸುವ ವಿಷಯಕ್ಕೇ ಅಂಟಿಕೊಂಡಿರುವುದು, ಒಟ್ಟಾಗಿ ಕೆಲಸ ಮಾಡುವುದು, ಬಹುಕಾಲ ಮುಂದುವರಿಯುವುದು.

ಕೆಲವು ಶಿಕ್ಷಕರು ಸೇರಿ ಒಂದು ಪಾಠ ಯೋಜಿಸುವುದು, ಒಬ್ಬರು ಅದನ್ನು ಮಾಡುವಾಗ ಉಳಿದವರು ಕೂತು ನೋಡುವುದು, ಆಮೇಲೆ ಕಂಡದ್ದನ್ನು ಚರ್ಚಿಸುವುದು: ಜಪಾನಿನ ಶಿಕ್ಷಕರು 19ನೇ ಶತಮಾನದ ಕೊನೆಯ ಭಾಗದಿಂದಲೂ ಈ ಕೆಲಸ ಮಾಡುತ್ತ ಬಂದಿದ್ದಾರೆ. ಅದಕ್ಕೆ ಅವರು 'ಜುಗ್ಯೋ ಕೆನ್‌ಕ್ಯೂ' ಎನ್ನುತ್ತಾರೆ, ಅಂದರೆ ಪಾಠದ ಅಧ್ಯಯನ. 1999ರಲ್ಲಿ ಅಮೆರಿಕದ ಸಂಶೋಧಕರಾದ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್ ಇದರ ಬಗ್ಗೆ ಬರೆದ ಮೇಲೆ ಬೇರೆ ದೇಶಗಳಲ್ಲೂ ಇದು ಹಬ್ಬಿತು. ಇದಕ್ಕೆ ದೊಡ್ಡ ಅನುದಾನ ಬೇಡ. ಶುರು ಮಾಡುವ ಬಗೆ ಇಲ್ಲಿದೆ.

ಮೊದಲು ಜೊತೆ ಹುಡುಕಿ

ಮೂವರು ಅಥವಾ ನಾಲ್ವರು ಸಾಕು. ಇಡೀ ಸ್ಟಾಫ್ ರೂಮನ್ನು ಒಪ್ಪಿಸಲು ಹೊರಟರೆ ಮೊದಲ ಸಭೆಯಲ್ಲೇ ಕೆಲಸ ನಿಲ್ಲುತ್ತದೆ. ಎಲ್ಲರೂ ಒಂದೇ ವಿಷಯದವರಾಗಿರಬೇಕು ಎಂದೇನಿಲ್ಲ. ಭಾಷೆಯ ಶಿಕ್ಷಕಿ ಗಣಿತದ ತರಗತಿಯಲ್ಲಿ ಕೂತರೆ, ಲೆಕ್ಕದ ವಾಕ್ಯವೇ ಮಕ್ಕಳಿಗೆ ಅರ್ಥವಾಗಿಲ್ಲ ಎಂಬುದನ್ನು ಅವರೇ ಮೊದಲು ಹಿಡಿಯುತ್ತಾರೆ.

ಮುಖ್ಯ ಶಿಕ್ಷಕರ ಬಳಿ ಎರಡು ವಿಷಯ ಕೇಳಿ. ಒಂದು, ಸಮಯ: ವಾರಕ್ಕೆ ಒಂದು ಪಿರಿಯಡ್ ನಿಮ್ಮ ಗುಂಪಿಗೆಲ್ಲ ಬಿಡುವು ಇರುವಂತೆ ಟೈಮ್ ಟೇಬಲ್ ಹೊಂದಿಸಿಕೊಡಲಿ. ಇನ್ನೊಂದು ಅದಕ್ಕಿಂತ ಮುಖ್ಯ: ಈ ತರಗತಿಯಲ್ಲಿ ಕಂಡದ್ದು ಯಾರ ಕೆಲಸದ ಮೌಲ್ಯಮಾಪನಕ್ಕೂ ಹೋಗಬಾರದು. ಇದನ್ನು ಬಾಯಿಬಿಟ್ಟು ಹೇಳಿಸಿಕೊಳ್ಳಿ. ನನಗೆ ಗೊತ್ತಿರುವ ಒಂದು ಶಾಲೆಯಲ್ಲಿ ಇಂಥ ಭೇಟಿಯ ಟಿಪ್ಪಣಿ ಒಬ್ಬರ ವಾರ್ಷಿಕ ವರದಿಯಲ್ಲಿ ಕಾಣಿಸಿಕೊಂಡಿತು. ಆಮೇಲೆ ಅಲ್ಲಿ ಯಾರೂ ತಮ್ಮ ತರಗತಿಯ ಬಾಗಿಲು ತೆರೆಯಲಿಲ್ಲ.

ಪ್ರಶ್ನೆ ಕಿರಿದಾಗಿರಲಿ

'ಗಣಿತದ ಗುಣಮಟ್ಟ ಹೆಚ್ಚಿಸುವುದು' ಎಂಬುದು ಘೋಷಣೆ, ಅದನ್ನು ಹಿಡಿದು ಪಾಠ ಮಾಡಲಾಗದು. 'ಕೆಳಗಿನ ಅಂಕಿ ದೊಡ್ಡದಾದಷ್ಟೂ ಭಾಗ ಚಿಕ್ಕದಾಗುವುದು ಏಕೆ ಎಂದು ಮಕ್ಕಳು ತಾವೇ ಹೇಳುವಂತೆ ಮಾಡುವುದು ಹೇಗೆ?' ಎಂಬುದು ಪ್ರಶ್ನೆ. ಮಕ್ಕಳು ವರ್ಷವರ್ಷವೂ ಎಡವುವ ಜಾಗ ಯಾವುದು ಎಂದು ಹಳೆಯ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ನೋಡಿ. ಪ್ರಶ್ನೆ ಅಲ್ಲೇ ಸಿಗುತ್ತದೆ.

ಸಾಮಗ್ರಿ: ಹುಡುಕುವುದು, ಬಳಸುವುದು

ಮೊದಲು ಪಠ್ಯಪುಸ್ತಕವನ್ನೇ ಒಟ್ಟಾಗಿ ಓದಿ. ಈ ಚಿತ್ರ ಇಲ್ಲಿ ಏಕಿದೆ, ಈ ಲೆಕ್ಕದ ನಂತರ ಆ ಲೆಕ್ಕ ಏಕೆ ಬಂತು ಎಂದು ಸಾಲುಸಾಲಾಗಿ ಕೇಳಿಕೊಳ್ಳಿ. ಹತ್ತು ವರ್ಷ ಕಲಿಸಿದ ಪುಟದಲ್ಲೂ ಹೊಸದು ಕಾಣುತ್ತದೆ.

ಆಮೇಲೆ ಹೊರಗೆ ನೋಡಿ. ಯಾರು ಬೇಕಾದರೂ ಉಚಿತವಾಗಿ ಬಳಸಿ ಹಂಚಬಹುದಾದ ಕಲಿಕಾ ಸಾಮಗ್ರಿ, ಅಂದರೆ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಪರಿಕಲ್ಪನೆಗೆ ಆ ಹೆಸರು ಬಂದದ್ದು 2002ರ ಯುನೆಸ್ಕೋ ಸಭೆಯಲ್ಲಿ. ತಾವು ಮಾಡಿದ್ದನ್ನು ಇತರರು ಯಾವ ಷರತ್ತಿನಲ್ಲಿ ಬಳಸಬಹುದು ಎಂದು ಮಾಡಿದವರೇ ಹೇಳಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹೊರಬಂದದ್ದೂ ಅದೇ ವರ್ಷ. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ 'ಫೆಟ್' ಯೋಜನೆಯಲ್ಲಿ ವಿಜ್ಞಾನ, ಗಣಿತಗಳ ಕಂಪ್ಯೂಟರ್ ಪ್ರಯೋಗಗಳು ಉಚಿತವಾಗಿ ಸಿಗುತ್ತವೆ. ಭಿನ್ನರಾಶಿಗೂ ಇವೆ. ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುವಂಥವು ಬಹಳ. ರೇಖಾಗಣಿತಕ್ಕೆ ಜಿಯೋಜೀಬ್ರಾ ಎಂಬ ತಂತ್ರಾಂಶ ಇದೆ.

ಸಿಕ್ಕಿದ್ದನ್ನೆಲ್ಲ ಅನುವಾದಿಸಿ ಹಂಚುವ ಮುನ್ನ ಪರವಾನಗಿಯ ಅಕ್ಷರಗಳನ್ನು ಓದಿ. 'ಬೈ' (BY) ಇದ್ದರೆ ಮಾಡಿದವರ ಹೆಸರು ಹೇಳಬೇಕು. 'ಎಸ್‌ಎ' (SA) ಇದ್ದರೆ ನೀವು ಬದಲಿಸಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. 'ಎನ್‌ಸಿ' (NC) ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. 'ಎನ್‌ಡಿ' (ND) ಇದ್ದರೆ ಅನುವಾದ ಮಾಡಿ ಹಂಚುವಂತಿಲ್ಲ. ತಮ್ಮ ಭಾಷೆಯಲ್ಲಿ ಕಲಿಸುವವರಿಗೆ ಈ ಕೊನೆಯದು ಬಹಳ ಮುಖ್ಯ. ದಿನಗಟ್ಟಲೆ ಕೂತು ಅನುವಾದಿಸಿ, ಆಮೇಲೆ ಹಂಚುವಂತಿಲ್ಲ ಎಂದು ಗೊತ್ತಾದರೆ ಆಗುವ ಸಂಕಟ ಸಣ್ಣದಲ್ಲ.

ಹೀಗೆ ಹುಡುಕಿಯೂ ಕೊನೆಗೆ ನಾವು ಆರಿಸಿಕೊಂಡದ್ದು ಒಂದೇ ಅಳತೆಯ ಎರಡು ಕಾಗದದ ಪಟ್ಟಿ. ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಚಿ ಪಕ್ಕಪಕ್ಕ ಇಡುವುದು, ಅಷ್ಟೇ.

ಪಾಠದ ದಿನ

ಒಬ್ಬರು ಪಾಠ ಮಾಡಲಿ, ಉಳಿದವರು ಮಕ್ಕಳನ್ನು ನೋಡಲಿ. ಶಿಕ್ಷಕರನ್ನು ನೋಡುವುದಲ್ಲ, ಮಕ್ಕಳನ್ನು. ಒಬ್ಬೊಬ್ಬರಿಗೂ ಎರಡು ಮೂರು ಮಕ್ಕಳನ್ನು ಹಂಚಿ, ಪಾಠ ಮುಗಿಯುವವರೆಗೂ ಅವರ ಪಕ್ಕದಲ್ಲೇ ಕೂರಿ. ಏನು ಬರೆದರು, ಏನು ಅಳಿಸಿದರು, ಯಾವಾಗ ಕೈಬಿಟ್ಟರು ಎಂಬುದನ್ನು ನಿಮಿಷದ ಸಮೇತ ಗುರುತು ಹಾಕಿ. ಮಕ್ಕಳಿಗೆ ಸಹಾಯ ಮಾಡಬೇಡಿ. ಉತ್ತರ ತುದಿನಾಲಿಗೆಗೆ ಬಂದರೂ ಬಾಯಿ ಬಿಡದೆ ಕೂರುವುದೇ ಇಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ.

ಮೊದಲ ಸಲಕ್ಕೆ ಏನು ನೋಡಬೇಕೆಂದು ತೋಚದಿದ್ದರೆ ಗಡಿಯಾರ ಹಿಡಿಯಿರಿ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಸೆಕೆಂಡ್ ಕಾಯುತ್ತಾರೆ? ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ ಸರಾಸರಿ ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ತೆರೆದರು. ಮಗು ಉತ್ತರ ಹೇಳಿದ ಮೇಲೂ 'ಸರಿ', 'ತಪ್ಪು' ಎನ್ನುವ ಮುನ್ನ ಅಷ್ಟೇ ಹೊತ್ತು ಕಾಯಬೇಕು ಎಂಬುದೂ ಅವರ ಮಾತು. ನಾನು ಪ್ರಯತ್ನಿಸಿದಾಗ ಆ 3 ಸೆಕೆಂಡ್ ತರಗತಿಯಲ್ಲಿ ಯುಗದಂತೆ ಅನಿಸಿತು. ಮನಸ್ಸಿನಲ್ಲೇ ಎಣಿಸಿಕೊಂಡು ತಡೆದೆ. ಎರಡನೇ ವಾರದಲ್ಲಿ, ಅಲ್ಲಿಯವರೆಗೆ ಕೈಯೆತ್ತದ ಒಬ್ಬ ಹುಡುಗ ಕೈಯೆತ್ತಿದ.

ಆಮೇಲಿನ ಮಾತು

ಅದೇ ದಿನ ಕೂತು ಮಾತಾಡಿ. ಪಾಠ ಮಾಡಿದವರೇ ಮೊದಲು ಮಾತಾಡಲಿ. ನಂತರ ಉಳಿದವರು ಕಂಡದ್ದನ್ನು ಮಾತ್ರ ಹೇಳಲಿ. 'ನೀವು ಸ್ವಲ್ಪ ಅವಸರ ಮಾಡಿದಿರಿ' ಎಂಬುದು ತೀರ್ಪು. 'ಪಟ್ಟಿ ಮಡಚುತ್ತಿದ್ದಾಗಲೇ ಮುಂದಿನ ಪ್ರಶ್ನೆ ಬಂತು, ನನ್ನ ಪಕ್ಕದ ಇಬ್ಬರು ಮಡಚುವುದನ್ನು ಅಲ್ಲಿಗೇ ಬಿಟ್ಟರು' ಎಂಬುದು ಕಂಡದ್ದು. ಎರಡರಲ್ಲೂ ಇರುವುದು ಒಂದೇ ಸಂಗತಿ, ಆದರೆ ಎರಡನೆಯದನ್ನು ಕೇಳಿದ ಶಿಕ್ಷಕಿಗೆ ನಾಳೆ ಏನು ಬದಲಿಸಬೇಕೆಂದು ಗೊತ್ತಾಗುತ್ತದೆ. ಹೊಗಳಿಕೆಯೂ ಮಿತಿಯಲ್ಲಿರಲಿ. 'ಚೆನ್ನಾಗಿತ್ತು' ಎಂಬ ಒಂದು ಮಾತಿನಲ್ಲಿ ಸಭೆ ಮುಗಿದುಹೋಗುವುದನ್ನು ಬಹಳ ಸಲ ನೋಡಿದ್ದೇನೆ.

ಸಾಧ್ಯವಾದರೆ ಪಾಠವನ್ನು ತಿದ್ದಿ, ಇನ್ನೊಂದು ಸೆಕ್ಷನ್ನಿನಲ್ಲಿ ಬೇರೊಬ್ಬರು ಮಾಡಲಿ. ಆಗ ಅದು ಒಬ್ಬರ ಪಾಠವಾಗಿ ಉಳಿಯದೆ ಗುಂಪಿನ ಪಾಠವಾಗುತ್ತದೆ.

ಒಬ್ಬರೇ ಇರುವ ಶಾಲೆಯಾದರೆ

ಹತ್ತಿರದ ಶಾಲೆಯ ಒಬ್ಬರ ಜೊತೆ ಸೇರಿಕೊಳ್ಳಿ. ಹೋಗಿ ಬರಲಾಗದಿದ್ದರೆ ಹತ್ತು ನಿಮಿಷದ ಪಾಠವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಇಬ್ಬರೂ ನೋಡಿ ಫೋನಿನಲ್ಲಿ ಮಾತಾಡಿ. ಮಕ್ಕಳು ಕಾಣುವ ವಿಡಿಯೊಗೆ ಪೋಷಕರ ಮತ್ತು ಶಾಲೆಯ ಒಪ್ಪಿಗೆ ಬೇಕು, ಅದು ಗುಂಪಿನಿಂದ ಆಚೆ ಹೋಗಬಾರದು.

ಹೊರಗಿನ ಕೋರ್ಸ್ ಆರಿಸುವಾಗ

ಆನ್‌ಲೈನ್ ಕೋರ್ಸು, ಸಮ್ಮೇಳನ, ಫೆಲೋಶಿಪ್ ಯಾವುದೇ ಇರಲಿ, ಅರ್ಜಿ ಹಾಕುವ ಮೊದಲು ಒಂದನ್ನು ನೋಡಿ: ಕಲಿತದ್ದನ್ನು ನಿಮ್ಮ ತರಗತಿಯಲ್ಲಿ ಮಾಡಿ, ಆದದ್ದನ್ನು ಹೊತ್ತು ಮರಳಿ ಬರಲು ಅಲ್ಲಿ ಜಾಗ ಇದೆಯೇ? ಪ್ರಮಾಣಪತ್ರ ಬಡ್ತಿಗೆ ಬೇಕಾಗಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಆಯ್ಕೆ ಇದ್ದಾಗ ಹೀಗೆ ಮರಳಿ ಕರೆಯುವ ಕೋರ್ಸನ್ನೇ ಹಿಡಿಯಿರಿ, ಸಾಧ್ಯವಾದರೆ ಇಬ್ಬರು ಒಟ್ಟಿಗೆ ಸೇರಿ.

ಪ್ರತಿ ಸುತ್ತಿನ ನಂತರ ಒಂದೇ ಪುಟ ಬರೆದಿಡಿ: ನಮ್ಮ ಪ್ರಶ್ನೆ, ಮಾಡಿದ್ದು, ಮಕ್ಕಳು ಮಾಡಿದ್ದು, ಮುಂದಿನ ಸಲಕ್ಕೆ ಬದಲಾವಣೆ. ಹೊಸದಾಗಿ ಬರುವ ಶಿಕ್ಷಕರಿಗೆ ಕೈಗಿಡಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ನಮ್ಮ ಮೊದಲ ಪುಟದ ಕೊನೆಯ ಸಾಲು ಹೀಗಿದೆ: 'ಉತ್ತರದ ಪಕ್ಕ ಕಾರಣವನ್ನೂ ಬರೆದ ಮೇಲಷ್ಟೇ ಪಕ್ಕದವರ ಪುಸ್ತಕ ನೋಡಬಹುದು. ರಬ್ಬರ್ ಬೇಡ, ಒಂದು ಗೆರೆ ಹೊಡೆದರೆ ಸಾಕು.'