ಕಾರ್ ಸೀಟ್ ಹೆಡ್‌ರೆಸ್ಟ್ ಹಾಡುಗಳನ್ನು ಕೇಳೋದು ಹೇಗೆ: ಸಾಲಾಗಿ ಬೇಡ, ಜೋಡಿಯಾಗಿ ಕೇಳಿ

ಕಾರ್ ಸೀಟ್ ಹೆಡ್‌ರೆಸ್ಟ್ ಅನ್ನೋ ಅಮೆರಿಕದ ರಾಕ್ ಬ್ಯಾಂಡ್ ಶುರು ಮಾಡಿದ ಗಾಯಕ ವಿಲ್ ಟೊಲೆಡೊನ ಆಲ್ಬಂಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಕೇಳಲು ಹೋಗಬೇಡಿ. ಹಾಗೆ ಮಾಡಿದರೆ ಮೊದಲ ವರ್ಷದ ಗದ್ದಲದಲ್ಲೇ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಇನ್ನೊಂದು ತೊಂದರೆಯೂ ಇದೆ. ಮೊದಲು ಕಳಪೆ ರೆಕಾರ್ಡಿಂಗ್, ಆಮೇಲೆ ಚೆನ್ನಾಗಿರೋದು, ಕೊನೆಗೆ ಸ್ಟುಡಿಯೋ, ಇಷ್ಟೇ ಕಥೆ ಅಂತ ಅನ್ನಿಸಿಬಿಡುತ್ತದೆ. ನಿಜವಾದ ಕಥೆ ಅದಲ್ಲ. ಈತ ಮತ್ತೆ ಮತ್ತೆ ತನ್ನ ಹಳೇ ಹಾಡುಗಳ ಹತ್ತಿರ ವಾಪಸ್ ಹೋಗುತ್ತಾನೆ, ಅದನ್ನೇ ಇನ್ನೊಂದು ಸಲ ಹಾಡುತ್ತಾನೆ, ಸಾಲು ಬದಲಿಸುತ್ತಾನೆ, ಉದ್ದ ಮಾಡುತ್ತಾನೆ. ಅದಕ್ಕೇ ನಾನು ಹೇಳೋ ದಾರಿ ಜೋಡಿ ಜೋಡಿಯಾಗಿ ಕೇಳೋದು. ಒಂದೇ ಹಾಡು, ಎರಡು ವರ್ಷ. ಅವನ ಶೈಲಿ ಬೆಳೆದದ್ದು ಹೀಗೆ ಕೇಳಿದಾಗಲೇ ಕಿವಿಗೆ ಬೀಳುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. ಕಾರ್ ಸೀಟ್ ಹೆಡ್‌ರೆಸ್ಟ್ ಈಗ ನಾಲ್ಕು ಜನರ ಬ್ಯಾಂಡ್. 2010ರಲ್ಲಿ ಶುರುವಾದಾಗ ಒಬ್ಬನೇ ಇದ್ದ. ಟೊಲೆಡೊ ಅಮೆರಿಕದ ವರ್ಜೀನಿಯಾ ರಾಜ್ಯದ ಲೀಸ್‌ಬರ್ಗ್ ಊರಿನ ಹುಡುಗ. ಮನೆಯಲ್ಲಿ ಗಟ್ಟಿಯಾಗಿ ಹಾಡಿದರೆ ಎಲ್ಲರಿಗೂ ಕೇಳಿಸುತ್ತೆ, ಮುಜುಗರ. ಅದಕ್ಕೆ ಮನೆಯವರ ಕಾರಿನ ಹಿಂದಿನ ಸೀಟಲ್ಲಿ ಕೂತು ಹಾಡಿ ರೆಕಾರ್ಡ್ ಮಾಡುತ್ತಿದ್ದ, ಹೆಸರು ಬಂದದ್ದೂ ಅಲ್ಲಿಂದಲೇ. ಮಾಡಿದ್ದನ್ನೆಲ್ಲ ಬ್ಯಾಂಡ್‌ಕ್ಯಾಂಪ್‌ನಲ್ಲಿ, ಅಂದರೆ ಕಲಾವಿದರೇ ನೇರವಾಗಿ ಹಾಡು ಹಾಕಿ ಮಾರುವ ವೆಬ್‌ಸೈಟಿನಲ್ಲಿ, ಹಾಕಿದ. ಲೇಬಲ್ (ಹಾಡು ಹೊರತರುವ ಕಂಪನಿ) ಇಲ್ಲ, ಮ್ಯಾನೇಜರ್ ಇಲ್ಲ, ಜಾಹೀರಾತೂ ಇಲ್ಲ. 2015ರಲ್ಲಿ ಮ್ಯಾಟಡಾರ್ ರೆಕಾರ್ಡ್ಸ್ ಅನ್ನೋ ಲೇಬಲ್ ಕೈ ಹಿಡಿಯುವ ಹೊತ್ತಿಗೆ ಆಗಲೇ ಹತ್ತಕ್ಕೂ ಜಾಸ್ತಿ ಬಿಡುಗಡೆಗಳು ಅಲ್ಲಿದ್ದವು, ಅವನ್ನು ಹುಡುಕಿಕೊಂಡು ಬಂದು ಕೇಳುವ ಜನರೂ ಇದ್ದರು.

ಶುರು ಮಾಡೋಕೆ ಮುಂಚೆ ಎರಡು ಕೆಲಸ ಮಾಡಿಕೊಳ್ಳಿ. ಒಂದು, ತಾರೀಕು ನೋಡೋಕೆ ಬ್ಯಾಂಡ್‌ಕ್ಯಾಂಪ್ ಪುಟಕ್ಕೇ ಹೋಗಿ. ಅಲ್ಲಿ ಆಲ್ಬಂ ಕೆಳಗೆ ಬಿಡುಗಡೆಯ ದಿನ ಇರುತ್ತದೆ, ಯಾರು ಏನು ನುಡಿಸಿದ್ದಾರೆ ಅಂತಲೂ ಎಷ್ಟೋ ಸಲ ಬರೆದಿರುತ್ತಾರೆ. ಹಾಡು ಕೇಳಿಸುವ ಬೇರೆ ಆಪ್‌ಗಳಲ್ಲಿ ಮರುಬಿಡುಗಡೆಯ ವರ್ಷ ತೋರಿಸಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಎರಡು, ಸಾಹಿತ್ಯವನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಹಳೇ ರೆಕಾರ್ಡಿಂಗ್‌ಗಳಲ್ಲಿ ಅವನ ದನಿ ಗಿಟಾರಿನ ಗದ್ದಲದಲ್ಲಿ ಮುಳುಗಿರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಂದರೂ ಅರ್ಧ ಮಾತು ಸಿಗೋದಿಲ್ಲ. ಟೊಲೆಡೊ ಹಾಡುಗಳಲ್ಲಿ ಮಾತೇ ಜೀವ, ಅದು ಕೈತಪ್ಪಿದರೆ ಉಳಿಯೋದು ಬರೀ ಸದ್ದು.

ಈಗ ಮೊದಲ ಜೋಡಿ. ಇದಕ್ಕೆ ಒಂದು ಇಡೀ ಸಂಜೆ ಕೊಡಿ, ಕೊಟ್ಟಷ್ಟೂ ಸಿಗುತ್ತದೆ. ಆಲ್ಬಂ ಹೆಸರು ಟ್ವಿನ್ ಫ್ಯಾಂಟಸಿ. 2011ರ ನವೆಂಬರಿನಲ್ಲಿ ಒಂದು ಸಲ ಬಂತು, ಆಗ ಟೊಲೆಡೊಗೆ 19 ವರ್ಷ. 2018ರ ಫೆಬ್ರವರಿಯಲ್ಲಿ ಇಡೀ ಆಲ್ಬಂ ಅನ್ನು ಬ್ಯಾಂಡ್ ಜೊತೆ ಹೊಸದಾಗಿ ರೆಕಾರ್ಡ್ ಮಾಡಿ ಮತ್ತೆ ಬಿಟ್ಟ. ಹಳೆಯದಕ್ಕೆ ಮಿರರ್ ಟು ಮಿರರ್, ಹೊಸದಕ್ಕೆ ಫೇಸ್ ಟು ಫೇಸ್ ಅಂತ ಗುರುತು. ಎರಡೂ ಈಗ ಸಿಗುತ್ತವೆ. ತಾನು ಆ ವಯಸ್ಸಲ್ಲಿ ಮಾಡಿದ ಒಂದು ಪ್ರೀತಿಯ ಕಥೆಯನ್ನು, ಅದೇ ಹಾಡುಗಳಲ್ಲಿ, ಅದೇ ಕ್ರಮದಲ್ಲಿ, ಆರು ವರ್ಷ ಕಳೆದ ಮೇಲೆ ಇನ್ನೊಂದು ಸಲ ಹೇಳೋಕೆ ಎಷ್ಟು ಜನರಿಗೆ ಧೈರ್ಯ ಬರುತ್ತದೆ ಹೇಳಿ? ನನಗೆ ಈತ ಇಷ್ಟವಾಗೋಕೆ ದೊಡ್ಡ ಕಾರಣವೇ ಇದು.

ಯಾವುದನ್ನು ಮೊದಲು ಕೇಳಬೇಕು ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಮಾತು ಕೇಳೋದಾದರೆ 2018ರದ್ದು ಮೊದಲು. ಅದರಲ್ಲಿ ಎಲ್ಲವೂ ಸ್ಪಷ್ಟ, ಹಾಡಿನ ನಕ್ಷೆ ತಲೆಯಲ್ಲಿ ಕೂರುತ್ತದೆ. ಒಂದೆರಡು ಸಲ ಪೂರ್ತಿ ಕೇಳಿದ ಮೇಲೆ 2011ಕ್ಕೆ ಹೋಗಿ. ಆಗ ಹಳೆಯದರ ಗದ್ದಲ ನಿಮ್ಮನ್ನು ದೂರ ತಳ್ಳೋದಿಲ್ಲ. ಅದರೊಳಗಿನ ಹುಡುಗ ಕಾಣುತ್ತಾನೆ, ದನಿ ಒಡೆಯುವ ಜಾಗ ಕಾಣುತ್ತದೆ. ಹಳೆಯದೇ ಶ್ರೇಷ್ಠ ಅಂತ ವಾದ ಮಾಡುವ ಅಭಿಮಾನಿಗಳು ತುಂಬಾ ಇದ್ದಾರೆ. ಅವರ ಮಾತಿನಲ್ಲೂ ನ್ಯಾಯ ಇದೆ, ಕೆಲವು ಹಾಡುಗಳಿಗೆ ಆ ಒರಟುತನವೇ ಸರಿಯಾಗಿ ಹೊಂದುತ್ತದೆ.

ಜೋಡಿಯಾಗಿ ಕೇಳುವಾಗ ಎಲ್ಲವನ್ನೂ ಒಟ್ಟಿಗೆ ಗಮನಿಸಲು ಹೋಗಬೇಡಿ. ಒಂದು ಸಲ ಡ್ರಮ್ಸ್ ಮಾತ್ರ ಕೇಳಿ. ಹಳೆಯದರಲ್ಲಿ ಅದು ತೆಳ್ಳಗೆ ಎಲ್ಲೋ ಹಿಂದೆ ಇದೆ. ಹೊಸದರಲ್ಲಿ ಆಂಡ್ರ್ಯೂ ಕಾಟ್ಜ್ ಅನ್ನೋ ಡ್ರಮ್ಮರ್ ಹಾಡನ್ನು ಮುಂದಕ್ಕೆ ಎಳೆಯುತ್ತಾನೆ. ಇನ್ನೊಂದು ಸಲ ದನಿ ಮಾತ್ರ. ಮೂರನೇ ಸಲ ಸಾಹಿತ್ಯದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಬದಲಾದ ಸಾಲುಗಳಿಗೆ ಗುರುತು ಹಾಕಿ. ಕ್ಯೂಟ್ ಥಿಂಗ್ ಹಾಡನ್ನೇ ನೋಡಿ. ಅದರಲ್ಲಿ ದೇವರ ಹತ್ತಿರ ಒಬ್ಬ ಗಾಯಕನ ದನಿ, ಇನ್ನೊಬ್ಬನ ವೇದಿಕೆಯ ಗತ್ತು ಕೊಡು ಅಂತ ಬೇಡುವ ಸಾಲು ಬರುತ್ತದೆ. 2011ರಲ್ಲಿ ಅವನು ಬೇಡಿದ್ದು ಡೆಸ್ಟ್ರಾಯರ್ ಬ್ಯಾಂಡಿನ ಗಾಯಕ ಡ್ಯಾನ್ ಬೇಹಾರ್ ದನಿ ಮತ್ತು ಜಾನ್ ಎಂಟ್‌ವಿಸಲ್ ಗತ್ತು. 2018ರಲ್ಲಿ ಬೇಡಿದ್ದು ಆರ್ ಅಂಡ್ ಬಿ ಗಾಯಕ ಫ್ರಾಂಕ್ ಓಷನ್ ದನಿ ಮತ್ತು ಜೇಮ್ಸ್ ಬ್ರೌನ್ ಗತ್ತು. ಎಂಟ್‌ವಿಸಲ್ ಅಂದರೆ ದಿ ಹೂ ಬ್ಯಾಂಡಿನ ಬೇಸ್ ವಾದಕ, ವೇದಿಕೆ ಮೇಲೆ ಅಲುಗಾಡದೆ ನಿಲ್ಲೋದಕ್ಕೇ ಹೆಸರಾದವನು. ವೇದಿಕೆ ತುಂಬ ಕುಣಿಯುತ್ತಿದ್ದ ಸೋಲ್ ಗಾಯಕ ಜೇಮ್ಸ್ ಬ್ರೌನ್ ಅದಕ್ಕೆ ಪೂರ್ತಿ ತದ್ವಿರುದ್ಧ. ಜನರ ಮುಂದೆ ಬಾರದೆ ಕಾರಿನೊಳಗೆ ಹಾಡುತ್ತಿದ್ದವನು ಆ ಹೊತ್ತಿಗೆ ದೊಡ್ಡ ದೊಡ್ಡ ವೇದಿಕೆ ಹತ್ತಿದ್ದ, ಅದು ಈ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ ಅಲ್ವಾ?

ಅದೇ ಆಲ್ಬಮ್ಮಿನ ಫೇಮಸ್ ಪ್ರಾಫೆಟ್ಸ್ ಹಳೆಯದರಲ್ಲಿ ಸುಮಾರು 10 ನಿಮಿಷ, ಹೊಸದರಲ್ಲಿ 16 ನಿಮಿಷ. ಉಬ್ಬಿಸಿ ಉದ್ದ ಮಾಡಿದ್ದಲ್ಲ ಅದು. ಹಾಡು ಮುಗಿಯಿತು ಅಂದುಕೊಂಡ ಜಾಗದಿಂದ ಇನ್ನೊಂದು ಏರು ಶುರುವಾಗುತ್ತದೆ. ಇಂಥ ಉದ್ದದ ಹಾಡುಗಳಿಗೆ ಹೆದರಬೇಡಿ. ಪಲ್ಲವಿ ಯಾವಾಗ ಬರುತ್ತದೆ ಅಂತ ಕಾಯೋದು ಬಿಟ್ಟು, ಒಂದೊಂದು ತುಂಡನ್ನು ಬೇರೆ ಹಾಡು ಅಂತಲೇ ಕೇಳಿ. ಎಲ್ಲಿ ತಿರುವು ಬಂತು ಅಂತ ನಿಮಿಷ ಬರೆದಿಟ್ಟುಕೊಳ್ಳಿ. ಬಾಡೀಸ್ ಹಾಡಿನಲ್ಲಂತೂ ಅವನೇ ಹಾಡಿನ ನಡುವೆ, ಪಲ್ಲವಿ ಬಂತಾ, ಇನ್ನೂ ಇಲ್ಲ ಅಂತ ಕೇಳುವವರ ಜೊತೆ ಮಾತಾಡುತ್ತಾನೆ. ಹಾಡಿನ ಕಟ್ಟುವಿಕೆಯನ್ನೇ ಹಾಡಿನೊಳಗೆ ತೆರೆದು ತೋರಿಸೋದು ಅವನಿಗೆ ಮೊದಲಿನಿಂದಲೂ ಇರುವ ಅಭ್ಯಾಸ.

ಎರಡನೇ ಜೋಡಿಗೆ ಇಷ್ಟು ಹೊತ್ತು ಬೇಡ. 2015ರ ಟೀನ್ಸ್ ಆಫ್ ಸ್ಟೈಲ್ ಲೇಬಲ್ ಮೂಲಕ ಬಂದ ಮೊದಲ ಆಲ್ಬಂ. ಅದರಲ್ಲಿರೋದು ಬಹುತೇಕ ಹಳೇ ಬ್ಯಾಂಡ್‌ಕ್ಯಾಂಪ್ ಹಾಡುಗಳೇ, ಮತ್ತೆ ಮಾಡಿದ್ದು. ಸಮ್‌ಥಿಂಗ್ ಸೂನ್ ಒಂದನ್ನು ತೆಗೆದುಕೊಳ್ಳಿ, 2011ರದ್ದು ಮತ್ತು 2015ರದ್ದು. ಕೇಳಿ ಮುಂದಕ್ಕೆ ಹೋಗಿ. ಇದನ್ನು ಕೇಳಿದ ಮೇಲೆ ಬೇಕಿದ್ದರೆ 2010ರ ಆಲ್ಬಂಗಳ ಕಡೆ ಇಣುಕಿ. ಅವಕ್ಕೆ ಹೆಸರೇ ಇಲ್ಲ, ಬರೀ 1, 2, 3, 4 ಅಂತ ಅಂಕಿ. ಪೂರ್ತಿ ಕೇಳಲೇಬೇಕು ಅಂತ ನಾನು ಹೇಳೋದಿಲ್ಲ. ಒಂದೆರಡು ಹಾಡು ಸಾಕು, ಕೈಗೆ ಬಂದದ್ದನ್ನೆಲ್ಲ ಪ್ರಯೋಗ ಮಾಡುತ್ತಿದ್ದ ಹುಡುಗ ಅಂತ ತಿಳಿಯುತ್ತದೆ. 2013ರ ನರ್ವಸ್ ಯಂಗ್ ಮ್ಯಾನ್ ಸುಮಾರು ಎರಡು ಗಂಟೆ ಇದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

2016ರ ಟೀನ್ಸ್ ಆಫ್ ಡಿನಯಲ್‌ಗೆ ಜೋಡಿ ಇಲ್ಲ. ಅದನ್ನು ಒಂಟಿಯಾಗಿಯೇ ಕೇಳಿ, ಒಂದೇ ಕೂರಿಕೆಯಲ್ಲಿ, 70 ನಿಮಿಷ. ಹೊಸ ಹಾಡುಗಳು, ಪೂರ್ತಿ ಬ್ಯಾಂಡ್, ಸರಿಯಾದ ಸ್ಟುಡಿಯೋ, ಜೊತೆಗೆ ಹೊರಗಿನ ನಿರ್ಮಾಪಕ ಸ್ಟೀವ್ ಫಿಸ್ಕ್, ಸಿಯಾಟಲ್ ಕಡೆಯ ನಿರ್ವಾಣ, ಸ್ಕ್ರೀಮಿಂಗ್ ಟ್ರೀಸ್ ಥರದ ಬ್ಯಾಂಡ್‌ಗಳ ಜೊತೆ ಕೆಲಸ ಮಾಡಿದವನು. ಈ ಆಲ್ಬಂನಲ್ಲಿ ಟೊಲೆಡೊ ತನ್ನೊಬ್ಬನ ಸಂಕಟದಿಂದ ಆಚೆ ನೋಡಲು ಕಲಿತ ಅಂತ ನನಗೆ ಅನ್ನಿಸುತ್ತದೆ. ಕೋಸ್ಟಾ ಕಾಂಕಾರ್ಡಿಯಾ ಮೇಲಿನ ಹಾಡನ್ನು ಕೇಳುವ ಮುಂಚೆ ಆ ಹಡಗಿನ ಕಥೆ ಓದಿಕೊಳ್ಳಿ. 2012ರ ಜನವರಿಯಲ್ಲಿ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಬಂಡೆಗೆ ಬಡಿದು ಮಗುಚಿದ ಪ್ರವಾಸಿ ಹಡಗು ಅದು. ಜನ ಇನ್ನೂ ಒಳಗಿರುವಾಗಲೇ ಕ್ಯಾಪ್ಟನ್ ಇಳಿದು ಹೋಗಿದ್ದ. ದೊಡ್ಡವನಾಗೋಕೆ ಯಾರೂ ಕಲಿಸಿಕೊಡಲಿಲ್ಲ ಅನ್ನುವ ಹುಡುಗನೊಬ್ಬ ಆ ಕ್ಯಾಪ್ಟನ್ ಜಾಗದಲ್ಲಿ ತನ್ನನ್ನು ನಿಲ್ಲಿಸಿಕೊಂಡರೆ ಏನಾಗುತ್ತದೆ? ಹಾಡು ಹತ್ತು ನಿಮಿಷ ದಾಟುತ್ತದೆ, ಒಂದು ಕ್ಷಣವೂ ಜಾಸ್ತಿ ಅನ್ನಿಸೋದಿಲ್ಲ.

ಇದೇ ಆಲ್ಬಂ ಬಿಡುಗಡೆಗೆ ಕೆಲವೇ ದಿನ ಇದ್ದಾಗ ದೊಡ್ಡ ಪೆಟ್ಟು ಬಿತ್ತು. ಒಂದು ಹಾಡಿನಲ್ಲಿ ದಿ ಕಾರ್ಸ್ ಬ್ಯಾಂಡಿನ ಹಾಡಿನ ತುಂಡು ಬಳಸಿದ್ದರು, ಅದಕ್ಕೆ ಆ ಬ್ಯಾಂಡಿನ ಗಾಯಕ ರಿಕ್ ಒಕಾಸೆಕ್ ಒಪ್ಪಲಿಲ್ಲ. ತಯಾರಾಗಿದ್ದ ರೆಕಾರ್ಡುಗಳನ್ನೆಲ್ಲ ವಾಪಸ್ ತರಿಸಿ ನಾಶ ಮಾಡಬೇಕಾಯಿತು. ಟೊಲೆಡೊ ಆತುರದಲ್ಲಿ ಆ ಜಾಗಕ್ಕೆ ಬೇರೆ ಹಾಡು ಕಟ್ಟಿಕೊಟ್ಟ. ಈಗ ನೀವು ಕೇಳುವ ನಾಟ್ ವಾಟ್ ಐ ನೀಡೆಡ್ ಅದೇ. ಕೋಣೆಯಲ್ಲಿ ಕೂತು ಒಬ್ಬನೇ ಮಾಡುವಾಗ ಯಾರ ಹಾಡಿನ ತುಂಡು ಬಳಸಿದರೂ ಕೇಳುವವರಿರಲಿಲ್ಲ. ಲೇಬಲ್ ಬಂದ ಮೇಲೆ ಆ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಬೇಕಾಯಿತು.

ಮೂರನೇ ಜೋಡಿ ಬಗ್ಗೆ ನಾನು ಸ್ವಲ್ಪ ಹಟ ಹಿಡಿದೇ ಹೇಳುತ್ತೇನೆ. 2020ರ ಮೇ ತಿಂಗಳಲ್ಲಿ ಮೇಕಿಂಗ್ ಎ ಡೋರ್ ಲೆಸ್ ಓಪನ್ ಬಂದಾಗ ತುಂಬಾ ಜನ ಮುನಿಸಿಕೊಂಡರು. ಗಿಟಾರ್ ಕಡಿಮೆ, ಸಿಂಥ್ (ಎಲೆಕ್ಟ್ರಾನಿಕ್ ಸದ್ದಿನ ವಾದ್ಯ) ಜಾಸ್ತಿ, ಹಾಡುಗಳು ಚಿಕ್ಕವು. ಟೊಲೆಡೊ ಮುಖಕ್ಕೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಟ್ರೇಟ್ ಅನ್ನೋ ಪಾತ್ರವಾಗಿ ನಿಂತಿದ್ದ. ಇದ್ದಕ್ಕಿದ್ದಂತೆ ಬದಲಾಗಿಬಿಟ್ಟ ಅಂದರು. ಹಾಗೇನೂ ಅಲ್ಲ. 2014ರ ಅಕ್ಟೋಬರಿನಲ್ಲಿ ಬಂದ ಹೌ ಟು ಲೀವ್ ಟೌನ್ ಅನ್ನು ಇದರ ಪಕ್ಕದಲ್ಲಿ ಇಟ್ಟು ಕೇಳಿ. ಅದನ್ನು ಅವನು ಇಪಿ, ಅಂದರೆ ಆಲ್ಬಮ್ಮಿಗಿಂತ ಚಿಕ್ಕ ಬಿಡುಗಡೆ, ಅಂತ ಕರೆದರೂ ಒಂದು ಗಂಟೆ ಇದೆ, ಮೊದಲ ಹಾಡೇ 14 ನಿಮಿಷ, ಸಿಂಥ್ ನುಡಿಸಾಣಿಕೆ ಶುರುವಾಗಿ ಎಷ್ಟೋ ಹೊತ್ತಾದ ಮೇಲೆ ದನಿ ಬರುತ್ತದೆ. ವರ್ಜೀನಿಯಾ ಬಿಟ್ಟು ಸಿಯಾಟಲ್ ಕಡೆ ಹೊರಡುವ ಹೊತ್ತಿನ ಹಾಡುಗಳು. ಈ ಎಲೆಕ್ಟ್ರಾನಿಕ್ ಆಸೆ ಅವನಿಗೆ ಮುಂಚಿನಿಂದಲೂ ಇತ್ತು. ನಡುವೆ ಮೂರು ರಾಕ್ ಆಲ್ಬಂ ಬಂದದ್ದರಿಂದ ಕಣ್ಣಿಗೆ ಬೀಳಲಿಲ್ಲ ಅಷ್ಟೇ.

2020ರ ಆಲ್ಬಮ್ಮನ್ನೇ ಮತ್ತೆ ಜೋಡಿ ಮಾಡಿಯೂ ಕೇಳಬಹುದು. ಬ್ಯಾಂಡ್ ಅದನ್ನು ಒಂದು ಸಲ ಗಿಟಾರ್, ಬೇಸ್, ಡ್ರಮ್ಸ್ ಇಟ್ಟುಕೊಂಡು, ಇನ್ನೊಂದು ಸಲ ಕಂಪ್ಯೂಟರಿನಲ್ಲಿ ಸಿಂಥ್ ಸದ್ದುಗಳಿಂದ ಮಾಡಿ, ಆಮೇಲೆ ಎರಡನ್ನೂ ಬೆರೆಸಿತು. ವಿನೈಲ್, ಸಿಡಿ, ಆನ್‌ಲೈನ್ ಮೂರರಲ್ಲೂ ಹಾಡುಗಳು ಒಂದೇ ಥರ ಇಲ್ಲ. ಡೆಡ್‌ಲೈನ್ಸ್ ಹಾಡಿನ ಹಾಸ್ಟೈಲ್ ಮತ್ತು ಥಾಟ್‌ಫುಲ್ ರೂಪಗಳನ್ನು ಹುಡುಕಿ, ಒಂದಾದ ಮೇಲೆ ಒಂದು ಹಾಕಿ. ಮುಂಚೆ ಒಂದು ಹಾಡನ್ನು ಎರಡು ಸಲ ಹೇಳೋಕೆ ವರ್ಷಗಟ್ಟಲೆ ಬೇಕಾಗುತ್ತಿತ್ತು, ಇಲ್ಲಿ ಒಂದೇ ಆಲ್ಬಂನಲ್ಲಿ ಎರಡೂ ಇವೆ. ಆಲ್ಬಂ ಪೂರ್ತಿ ಗೆದ್ದಿದೆ ಅಂತ ನಾನು ಹೇಳೋದಿಲ್ಲ, ಹಾಲಿವುಡ್ ಹಾಡು ನನಗೆ ಇವತ್ತಿಗೂ ಹಿಡಿಸಿಲ್ಲ. ಆದರೆ ದೇರ್ ಮಸ್ಟ್ ಬಿ ಮೋರ್ ದ್ಯಾನ್ ಬ್ಲಡ್ ಒಂದಕ್ಕೋಸ್ಕರವಾದರೂ ಕೇಳಿ.

ಆಮೇಲೆ ಐದು ವರ್ಷ ಹೊಸ ಸ್ಟುಡಿಯೋ ಆಲ್ಬಂ ಇಲ್ಲ. 2022ರಲ್ಲಿ ಟೊಲೆಡೊಗೆ ಕೋವಿಡ್ ಬಂದು, ಅದರ ಬಾಧೆ ತಿಂಗಳುಗಟ್ಟಲೆ ಬಿಡಲಿಲ್ಲ, ಪ್ರವಾಸದ ಕಾರ್ಯಕ್ರಮಗಳೇ ರದ್ದಾದವು. ಆ ಅವಧಿಗೆ ಫೇಸಸ್ ಫ್ರಮ್ ದ ಮಾಸ್ಕರೇಡ್ ಅನ್ನೋ ಲೈವ್ ಆಲ್ಬಂ ಇದೆ. ಅದೇ ವರ್ಷದ ಮಾರ್ಚಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಸ್ಟೀಲ್‌ನಲ್ಲಿ ನುಡಿಸಿದ್ದು, 2023ರ ಡಿಸೆಂಬರಿನಲ್ಲಿ ಹೊರಬಂತು. ನೀವು ಆಗಲೇ ಎರಡು ರೂಪದಲ್ಲಿ ಕೇಳಿರುವ ಹಾಡಿನ ಮೂರನೇ ರೂಪ ಇಲ್ಲಿ ಸಿಕ್ಕರೆ ಅದನ್ನೂ ಪಟ್ಟಿಗೆ ಸೇರಿಸಿ.

ಕೊನೆಗೆ ದಿ ಸ್ಕಾಲರ್ಸ್, 2025ರ ಮೇ 2ರಂದು ಬಂದದ್ದು. ಪಾರ್ನಾಸಸ್ ಅನ್ನೋ ಕಲ್ಪನೆಯ ವಿಶ್ವವಿದ್ಯಾಲಯದ ಸುತ್ತ ಕಟ್ಟಿದ ರಾಕ್ ಒಪೆರಾ, ಅಂದರೆ ಹಾಡುಗಳಲ್ಲೇ ಒಂದು ಕಥೆ ಹೇಳುವ ಆಲ್ಬಂ. ಇಲ್ಲಿ ಟೊಲೆಡೊ ತನ್ನ ಕಥೆ ಹೇಳೋದಿಲ್ಲ, ಪಾತ್ರಗಳ ಕೈಗೆ ಮಾತು ಕೊಡುತ್ತಾನೆ. ದನಿಯನ್ನೂ ಹಂಚಿಕೊಂಡಿದ್ದಾನೆ, ಗಿಟಾರ್ ನುಡಿಸುವ ಈಥನ್ ಐವ್ಸ್ ಕೆಲವು ಕಡೆ ಮುಂದೆ ಬಂದು ಹಾಡುತ್ತಾನೆ. ಯಾವ ದನಿ ಯಾರದ್ದು ಅಂತ ಗುರುತಿಸುತ್ತಾ ಕೇಳಿ. ಪ್ಲಾನೆಟ್ ಡೆಸ್ಪರೇಶನ್ 18 ನಿಮಿಷ ದಾಟುತ್ತದೆ, ಅದರಿಂದ ಶುರು ಮಾಡಬೇಡಿ. ಮೊದಲು ಗೆತ್ಸೆಮನೆ ಕೇಳಿ. ಹತ್ತು ನಿಮಿಷದ ಆ ಹಾಡು ಎಲ್ಲಿ ತಿರುಗುತ್ತದೆ ಅಂತ ಬರೆದುಕೊಳ್ಳಿ. ಆಮೇಲೆ ಪಾತ್ರಗಳ ಹೆಸರು, ಕಥೆಯ ಸಾರ ಓದಿಕೊಂಡು, ಮೊದಲ ಹಾಡಿನಿಂದ ಕ್ರಮವಾಗಿ ಹಾಕಿ. ಇದೊಂದು ಆಲ್ಬಂ ಮಾತ್ರ ಷಫಲ್‌ನಲ್ಲಿ ಕೇಳಬೇಡಿ.