ಹುಬ್ಬಳ್ಳಿ ಏರ್‌ಪೋರ್ಟಿನಿಂದ ಗೋಕರ್ಣಕ್ಕೆ ಕಾರು: ಸರಿಹೋದದ್ದು ಹೀಗೆ

ಗೋಕುಲ ರಸ್ತೆಯ ಏರ್‌ಪೋರ್ಟಿನಿಂದ ಗೋಕರ್ಣದ ರೆಸಾರ್ಟಿಗೆ ಸುಮಾರು 150 ಕಿ.ಮೀ. ಮೊದಲ ಸಲ ‘ಡ್ರಾಪ್ ಅಷ್ಟೇ’ ಅಂದು ಬುಕ್ ಮಾಡಿದ್ದೇ ತಪ್ಪಾಯಿತು: ಗಾಡಿ ಖಾಲಿ ಮರಳುವ ದೂರವೂ ಬಿಲ್ಲಿಗೆ ಬಿತ್ತು. ಈ ಸಲ ಹೋಗಿ-ಬರುವ 300 ಕಿ.ಮೀ., ಡ್ರೈವರ್ ಬಾಟಾ (ದಿನದ ಭತ್ಯೆ), ಟೋಲ್, ಕಾಯುವ ತಾಸು ಎಲ್ಲ ಸೇರಿಸಿ ಒಂದೇ ಮೊತ್ತ ಮಾತಾಡಿ, ವಾಟ್ಸಾಪಿನಲ್ಲಿ ಬರೆಸಿಕೊಂಡೆ. ಇಳಿಯುವ ಸಮಯದ ಜೊತೆ ಫ್ಲೈಟ್ ನಂಬರನ್ನೂ ಕೊಡಿ. ವಿಮಾನ ತಡವಾದರೆ ಡ್ರೈವರನೇ ನೋಡಿಕೊಳ್ಳುತ್ತಾನೆ. ಗಾಡಿ ಹಳದಿ ನಂಬರ್ ಬೋರ್ಡಿನ ಟ್ಯಾಕ್ಸಿಯೇ ಇರಲಿ.

ಯಲ್ಲಾಪುರದಾಚೆ ಅರಬೈಲ್ ಘಾಟಿನಲ್ಲಿ ಲಾರಿಗಳ ಹಿಂದೆ ತೆವಳಬೇಕು, ನಾಲ್ಕು ತಾಸು ಹಿಡಿಯಿರಿ. ಹೊಟ್ಟೆ ತೊಳಸುವವರಿಗೆ ಮುಂದಿನ ಸೀಟು! ಅಂಕೋಲಾ ಬಳಿ ಹೆದ್ದಾರಿ 66 ಸೇರಿ, ಮಾದನಗೇರಿಯಲ್ಲಿ ಬಲಕ್ಕೆ.

ಕುಡ್ಲೆ ಬೀಚಿನ ಕೆಲವು ಕಡೆ ಬಾಗಿಲತನಕ ಕಾರು ಹೋಗದು, ಮೇಲೆ ನಿಲ್ಲಿಸಿ ಇಳಿದು ನಡೆಯಬೇಕು. ಲಗೇಜು ಹೊರಲು ಆಳು ಸಿಗುತ್ತಾರೋ ಎಂದು ರೆಸಾರ್ಟಿಗೆ ಮೊದಲೇ ಫೋನ್ ಮಾಡಿ.